ಕಾಯುವವರ ನೀರು

ನಮ್ಮ ವಿಶ್ವವಿದ್ಯಾಲಯದಲ್ಲಿ ಆ ಬೇಸಿಗೆಯೂ ನೀರಿಗೆ ತೊಂದರೆ ಇರಲಿಲ್ಲ, ಯಾಕೆಂದರೆ ಒಂದು ಹುದ್ದೆಗೆ ಅರ್ಜಿ ಕರೆದಿದ್ದರು. ಯಾವ ವಿಷಯದ ಹುದ್ದೆ ಎಂದು ಜಾಹೀರಾತಿನಲ್ಲಿ ಹಾಕಿರಲಿಲ್ಲ. ವಿಷಯಕ್ಕೊಂದು ಜಾಹೀರಾತು ಕೊಟ್ಟರೆ ಪೇಪರಿನವರಿಗೆ ಸುಮ್ಮನೆ ಸುರಿಯಬೇಕು, ಎಲ್ಲರೂ ಬರಲಿ, ವಿಷಯ ಆಮೇಲೆ ನೋಡಿಕೊಂಡರಾಯಿತು ಎಂಬುದು ಕುಲಸಚಿವ ಪರಮಶಿವಯ್ಯನವರ ಯೋಚನೆ. ಗಣಿತದವರು ಬಂದರು, ಇತಿಹಾಸದವರು ಬಂದರು, ಜೇನು ಸಾಕಣೆಯಲ್ಲಿ ಡಾಕ್ಟರೇಟ್ ಮಾಡಿದವರೊಬ್ಬರು ಅಷ್ಟು ದೂರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಬಂದವರನ್ನೆಲ್ಲ ಹೊಂಗೆ ಮರದ ಸಾಲಿನಲ್ಲಿ ಕಲ್ಲುಬೆಂಚುಗಳ ಮೇಲೆ ಕೂರಿಸಿದೆವು. ಚಪ್ಪಲಿ ಆಚೆ ಬಿಡಿಸಿ, ಕಾಲು ತೊಳೆಸಿ ಕೂರಿಸುವುದು ನನ್ನ ಕೆಲಸ. ಹಾಸ್ಟೆಲಿನ ಹೆಣ್ಣುಮಕ್ಕಳು ಕುಡಿಯುವ ನೀರು, ಸ್ವಲ್ಪ ಶುದ್ಧ ನೋಡಬೇಕಾಗುತ್ತದೆ.

ನಮ್ಮೂರ ನೀರೇ ಹಾಗೆ. ಯಾರಾದರೂ ಮನಸ್ಸಿಟ್ಟು ಕಾಯುತ್ತ ಕೂತರೆ ಅವರ ಕಾಲಬುಡದಲ್ಲಿ ಏಳುತ್ತದೆ. ಕಾಯುವುದು ನಿಂತರೆ ಅಲ್ಲೇ ಇಂಗಿ ಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ವರ್ಷವಿಡೀ ಕೆಸರು. ಹೆರಿಗೆ ಆಸ್ಪತ್ರೆಯ ಅಂಗಳದಲ್ಲಿ ಗಂಡಂದಿರು ಬೀಡಿ ಸೇದುತ್ತ ಓಡಾಡಿದ ಜಾಗದಲ್ಲಿ ಯಾರೋ ಕೆಸುವಿನ ಗಡ್ಡೆ ನೆಟ್ಟು ಮಾರಿಕೊಳ್ಳುತ್ತಾರೆ. ಕೋರ್ಟಿನ ಹಿಂದೆ ಒಂದು ಕೆರೆಯೇ ಇದೆ, ಮೀನು ಹಿಡಿಯುವುದಕ್ಕೆ ಹರಾಜಾಗುತ್ತದೆ. ಒಮ್ಮೆ ಯಾವನೋ ಹೊಸ ಜಡ್ಜು ಬಂದು ಒಂದೇ ವಾರದಲ್ಲಿ ಹಳೆ ಕೇಸುಗಳಿಗೆಲ್ಲ ತೀರ್ಪು ಬರೆದುಬಿಟ್ಟ. ಕೆರೆ ಇಳಿದು ಮೀನೆಲ್ಲ ವಿಲವಿಲ ಒದ್ದಾಡಿದವು. ಹರಾಜು ಹಿಡಿದವನು ಹೋಗಿ ಜಡ್ಜಿನ ಮನೆ ಮುಂದೆ ಎದೆ ಬಡಿದುಕೊಂಡ. ಮನೆ ಕಟ್ಟುವವರು ಬಾವಿ ತೋಡಿಸುವ ಮುಂಚೆ, ಮನೆಯಲ್ಲಿ ಯಾರಾದರೂ ಏನನ್ನಾದರೂ ಕಾಯುತ್ತಿದ್ದಾರಾ ಎಂದು ಒಂದು ಸಲ ಎಲ್ಲರ ಮುಖ ನೋಡುತ್ತಾರೆ. ಕಾಯುವ ಹಾಗೆ ನಟಿಸಿದರೆ ಒಂದು ತೊಟ್ಟೂ ಬರುವುದಿಲ್ಲ. ಇದರಲ್ಲಿ ಹೇಳುವಂಥದು ಇಷ್ಟೇ.

ವಿಶ್ವವಿದ್ಯಾಲಯ ಊರಾಚೆ ಬೋಳು ಗುಡ್ಡದ ಮೇಲಿದೆ. ಅಷ್ಟು ಹುಡುಗರಿಗೆ, ಹುಡುಗಿಯರಿಗೆ ಟ್ಯಾಂಕರ್ ತರಿಸುವುದು ಎಂದರೆ ಪರಮಶಿವಯ್ಯನವರಿಗೆ ಹೊಟ್ಟೆಯಲ್ಲಿ ಸಂಕಟ. ಸೀಮೆಸುಣ್ಣ ಮುರಿದು ಅರ್ಧರ್ಧ ಹಂಚುವ ಆಸಾಮಿ ಅವರು. ಉತ್ತರ ಪತ್ರಿಕೆಯಲ್ಲಿ ಬರೆಯದೆ ಉಳಿದ ಹಾಳೆ ಹರಿಸಿ, ಅದರಲ್ಲೇ ಲಕೋಟೆ ಮಾಡಿಸಿ, ಆ ಲಕೋಟೆಯಲ್ಲೇ ಸಂದರ್ಶನದ ಪತ್ರ ಕಳಿಸುತ್ತಾರೆ. ಅಂಥವರಿಗೆ ಹೊಂಗೆ ಸಾಲು ಹೊಳೆದದ್ದು ದೊಡ್ಡದಲ್ಲ. ಬೆಂಚಿನ ಬುಡಕ್ಕೊಂದು ಗುಂಡಿ, ಗುಂಡಿಯಿಂದ ಸಣ್ಣ ಕಾಲುವೆ, ಕಾಲುವೆಯೆಲ್ಲ ಕೂಡಿ ಸಂಪಿನ ತೊಟ್ಟಿಗೆ. ಸಂಪಿನಿಂದ ಮೇಲಕ್ಕೆ ಹತ್ತಿಸುವುದಕ್ಕೆ ನಾನಿದ್ದೇನೆ, ನೀರುಗಂಟಿ ಗಾದ್ರಿ, ದಿನಗೂಲಿ. ನನಗಿಂತ ಮುಂಚೆ ಅಪ್ಪ ಇದ್ದ, ಅವನದೂ ದಿನಗೂಲಿ. ಅಪ್ಪ ಸತ್ತಾಗ ನಾನು ಎಂಟನೇ ಕ್ಲಾಸು, ಅಕ್ಕ ಕಾಲೇಜು. ಇಬ್ಬರಲ್ಲಿ ಒಬ್ಬರು ಓದಬಹುದಿತ್ತು. ಅಕ್ಕ ಓದಿದಳು.

ಅವಳೀಗ ಡಾಕ್ಟರ್ ದುರುಗಮ್ಮ, ಗಣಿತ. ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಹೆಸರಿಟ್ಟು ಕುಡಿಯುವುದಕ್ಕೆ ಟೀ ಕೂಡ ಕೊಡದ ಜಾಗವನ್ನು ನಾನು ಅದೊಂದೇ ನೋಡಿರುವುದು. ಪಾಠಕ್ಕೆ ಇಷ್ಟು ಎಂದು ಸಂಬಳ. ಕರೆಂಟು ಹೋಗಿ ಗಂಟೆ ಹೊಡೆಯದಿದ್ದರೆ ಆ ಪಾಠ ಲೆಕ್ಕಕ್ಕಿಲ್ಲ, ಅವಳು ಬೋರ್ಡು ತುಂಬ ಬರೆದಿದ್ದರೂ. ಹುದ್ದೆ ಕರೆದಾಗಲೆಲ್ಲ ಅವಳು ಅದೇ ತಿಳಿನೀಲಿ ಸೀರೆ ಉಟ್ಟು ಬಂದು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಕೂತಳೆಂದರೆ ಗುಂಡಿ ತುಂಬಿ ಹರಿಯುತ್ತಿತ್ತು. ಬೇರೆಯವರದು ಪಸೆ, ಜಿನುಗು, ನಮ್ಮಕ್ಕನದು ಒರತೆ. ಬೆಂಚಿನವರೆಲ್ಲ ಬಗ್ಗಿ ಬಗ್ಗಿ ನೋಡಿ, "ಈ ಸಲ ಮೇಡಂ ಅವರದೇ" ಎನ್ನುತ್ತಿದ್ದರು. ತುಂಬಿದ ಗುಂಡಿ ಶುಭ ಎಂದು ಅವರಲ್ಲೊಂದು ನಂಬಿಕೆ ಬೆಳೆದುಬಿಟ್ಟಿತ್ತು. ಅಕ್ಕನೂ ನಂಬಿದ್ದಳು. ನಾನೂ ನಂಬಿದ್ದೆ.

ನನ್ನ ನಂಬಿಕೆ ಹೋದದ್ದು ಒಂದು ಮಧ್ಯಾಹ್ನ, ಸಂದರ್ಶನದ ಕೋಣೆಗೆ ಕುಡಿಯುವ ನೀರು ಇಡಲು ಹೋದಾಗ. ಅಕ್ಕ ಆಗಷ್ಟೇ ಒಳಗಿದ್ದು ಹೊರಗೆ ಹೋಗಿದ್ದಳು. ಫ್ಯಾನು ಅಭ್ಯರ್ಥಿ ಇದ್ದಾಗ ಆರಿಸಿ, ಹೋದ ಮೇಲೆ ಹಾಕುವ ಪದ್ಧತಿ. ಹಾಕಿದ್ದರು. ಕುಲಪತಿಗಳು ಗಾಳಿಗೆ ಕತ್ತು ಒಡ್ಡಿಕೊಂಡು ಹೇಳುತ್ತಿದ್ದರು.

"ಈ ಹೆಣ್ಮಗಳು ಚೆನ್ನಾಗಿ ಹೇಳಿದ್ಲಲ್ರೀ ಪರಮಶಿವಯ್ಯ? ನಂಗೇ ಅರ್ಥ ಆಯ್ತು ನೋಡಿ, ಗಣಿತ."

"ಚೆನ್ನಾಗೇ ಹೇಳಿದ್ಲು ಸಾರ್, ಇಲ್ಲ ಅನ್ನಲ್ಲ. ಆದ್ರೆ ಲೇಡೀಸ್ ಹಾಸ್ಟೆಲ್ ನಡೀತಿರೋದೇ ಆ ಯಮ್ಮನ ಬೆಂಚಿಂದ. ಆರ್ಡರ್ ಕೊಟ್ಬಿಟ್ಟು ಟ್ಯಾಂಕರ್ ತರ್ಸೋಣ್ವ?"

"ಅಯ್ಯೋ ಬೇಡಪ್ಪ. ಹಂಗಾದ್ರೆ ಒಣಗಿರೋರು ಯಾರಿದಾರೆ ನೋಡಿ, ಅವರಿಗೆ ಕೊಟ್ಟು ಮುಗ್ಸಿ. ಒಂದಾದ್ರೂ ಕೊಡ್ಲೇಬೇಕಲ್ಲ, ಇಲ್ದಿದ್ರೆ ಉಳಿದೋರು ಕಾಯೋದು ಬಿಡ್ತಾರೆ."

"ಅದೇ ಸಾರ್. ಇತಿಹಾಸದ ರಹಮತುಲ್ಲಾ ಬೆಂಚು ಪೂರ್ತಿ ಧೂಳು. ಅವ್ರಿಗೆ ಹಾಕ್ತೀನಿ."

ನಾನು ಹೂಜಿ ಇಟ್ಟು, ಲೋಟ ಬೋರಲು ಹಾಕಿ ಬಂದೆ. ನನ್ನನ್ನು ಅವರು ನೋಡಿದರು. ನೋಡಿಯೂ ಮಾತು ನಿಲ್ಲಿಸಲಿಲ್ಲ. ಎಂಟನೇ ಕ್ಲಾಸಿನವನಿಗೆ ಕೇಳಿಸುವುದಿಲ್ಲ ಎಂದುಕೊಂಡರೋ, ಕೇಳಿಸಿದರೆ ಇವನೇನು ಕಿತ್ತಾನು ಎಂದುಕೊಂಡರೋ.

ರಹಮತುಲ್ಲಾ ಮೇಷ್ಟ್ರು ಕಾಯುವುದು ಬಿಟ್ಟು ಬಹಳ ಕಾಲವಾಗಿತ್ತು. ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದರು, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದು ಬಂದು ನಾಲ್ಕು ಜನರ ಜೊತೆ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿಂದು ಹೋಗುತ್ತಿದ್ದರು. ಆರ್ಡರ್ ಕೈಗೆ ಕೊಟ್ಟಾಗ, "ನಂದಾ? ಸರಿಯಾಗಿ ನೋಡಿ ಸಾರ್" ಎಂದರಂತೆ. ಕೆಲಸಕ್ಕೆ ಸೇರಿಕೊಂಡರು. ಕೆಲಸ ಸಿಕ್ಕಿದ ಸುದ್ದಿ ತವರಿಗೆ ಮುಟ್ಟಿ, ಹೆಂಡತಿ ಬರುತ್ತೇನೆ ಎಂದು ಹೇಳಿಕಳಿಸಿದರು. ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಎಂದು ಮೇಷ್ಟ್ರು ಪಾಠದ ನಡುವೆ ಕಿಟಕಿ ನೋಡಲು ಶುರು ಮಾಡಿದರು. ಕ್ಲಾಸಿನ ನೆಲ ಒದ್ದೆಯಾಯಿತು. ಮಧ್ಯಾಹ್ನ ಊಟವಾದ ಮೇಲೆ ಪರಮಶಿವಯ್ಯನವರು ಚಪ್ಪಲಿ ಬಿಟ್ಟು, ಪ್ರೊಬೇಷನ್ನಿನಲ್ಲಿರುವವರು ಎಲ್ಲೆಲ್ಲಿ ನಿಲ್ಲುತ್ತಾರೋ ಅಲ್ಲೆಲ್ಲ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ನೋಡುತ್ತ ಒಂದು ಸುತ್ತು ಹಾಕುವುದುಂಟು. ಒತ್ತಿದರು. ಹೆಬ್ಬೆರಳು ಎತ್ತಿ ನೋಡಿದರು. ಮಾರನೆಯ ದಿನ ಮೇಷ್ಟ್ರು ವಾಪಸು ಬೆಂಚಿಗೆ ಬಂದರು. "ನಿಮ್ಮಲ್ಲಿ ಇನ್ನೂ ನೀರಿದೆ ಸಾರ್, ಕ್ಲಾಸ್ ರೂಮಲ್ಲಿ ಯಾಕೆ ವೇಸ್ಟ್ ಮಾಡ್ತೀರಿ" ಎಂದು ಪರಮಶಿವಯ್ಯನವರು ಅಂದಿದ್ದರಂತೆ. ಒಂದು ವರ್ಷದ ಪ್ರೊಬೇಷನ್ ಎಂದರೆ ನಮ್ಮಲ್ಲಿ ಅದು. ವರ್ಷ ಪೂರ್ತಿ ಒಣಗಿರಬೇಕು. ಕೆಲಸ ಹೋದ ಸುದ್ದಿಯೂ ತವರಿಗೆ ಮುಟ್ಟಿತು, ಹೆಂಡತಿ ಬರಲಿಲ್ಲ. ಮೇಷ್ಟ್ರು ಮಾತ್ರ ಈ ಸಲ ಬಿಡದೆ ಕಾಯುತ್ತಿದ್ದಾರೆ, ಕೆಲಸಕ್ಕೋ ಹೆಂಡತಿಗೋ ಕೇಳಿದರೆ ಅವರಿಗೇ ಗೊತ್ತಿಲ್ಲ. ಅವರ ನೀರು ಬಾಯ್ಸ್ ಹಾಸ್ಟೆಲಿಗೆ ಹೋಗುತ್ತದೆ.

ಅಕ್ಕನಿಗೆ ಕೆಲಸ ಸಿಗಬೇಕು ಎಂದರೆ ಅವಳು ಕಾಯುವುದು ಬಿಡಬೇಕು. ಇಷ್ಟು ನನಗೆ ಅರ್ಥವಾಯಿತು. ಓಡಿ ಹೋಗಿ ಹೇಳಿಬಿಡೋಣ ಎಂದುಕೊಂಡೆ. ಆದರೂ ಮೊದಲು ಬೇರೆ ಯಾರ ಮೇಲಾದರೂ ಪ್ರಯೋಗ ಮಾಡಿ ನೋಡುವುದು ವಾಸಿ ಎಂದು ತತ್ವಶಾಸ್ತ್ರದ ಸದ್ಯೋಜಾತಯ್ಯನವರ ಕಿವಿಯಲ್ಲಿ ಉಸುರಿದೆ. "ಸ್ವಾಮಿ, ಆಸೆ ಬಿಟ್ಟೋರಿಗೇ ಇಲ್ಲಿ ಕೊಡೋದು. ಬಿಟ್ನೋಡಿ."

"ಇಷ್ಟೇನಾ? ಇದು ನನ್ನ ಪಿಎಚ್‌ಡಿ ವಿಷಯ ಕಣಯ್ಯ!" ಎಂದರು ಅವರು.

ಮಾರನೆಯ ದಿನ ಮೈಗೆಲ್ಲ ವಿಭೂತಿ ಬಳಿದುಕೊಂಡು ಬಂದು, ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತರು. ಆಸೆ ಬಿಟ್ಟೆ, ಇನ್ನೇನು ಕರೆಯುತ್ತಾರೆ, ಬಿಟ್ಟೆ, ಇನ್ನೇನು ಕರೆಯುತ್ತಾರೆ. ಅವರ ಮುಖದಲ್ಲೇ ಕಾಣುತ್ತಿತ್ತು. ಅಷ್ಟು ವರ್ಷದಲ್ಲಿ ಆ ಗುಂಡಿ ಅಷ್ಟು ಉಕ್ಕಿದ್ದನ್ನು ನಾನು ನೋಡಿರಲಿಲ್ಲ. ನೀರು ಬೆಂಚಿನ ಮಟ್ಟಕ್ಕೆ ಬಂತು. ಪಂಚೆಯೆಲ್ಲ ತೊಯ್ದರೂ ಪುಣ್ಯಾತ್ಮ ಕಣ್ಣು ಬಿಡಲಿಲ್ಲ. ಪರಮಶಿವಯ್ಯನವರು ಮೆಟ್ಟಿಲ ಮೇಲೆ ನಿಂತು ನೋಡಿ, "ಇಂಥ ವಿದ್ವಾಂಸರು ನಮಗೆ ಇನ್ನೂ ಬಹಳ ಕಾಲ ಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಹೊಗಳಿದರು. ಅದನ್ನು ಕೇಳಿ ಗುಂಡಿ ಇನ್ನಷ್ಟು ಉಕ್ಕಿತು.

ಹಾಗಾಗಿ ಅಕ್ಕನಿಗೆ ಹೇಳುವ ಹಾಗಿರಲಿಲ್ಲ. ಕಾರಣ ಹೇಳದೆ, ಅವಳ ಆಸೆಯನ್ನು ನಾನೇ ಕೈಯಾರೆ ಮುಗಿಸಬೇಕಿತ್ತು.

ಮುಂದಿನ ಕರೆ ಬಂದ ಸಂಜೆ ಅವಳು ತಿಳಿನೀಲಿ ಸೀರೆಯನ್ನು ಮಡಿಸಿ ಹಾಸಿಗೆಯ ಕೆಳಗೆ ಇಡುತ್ತಿದ್ದಳು, ಇಸ್ತ್ರಿಯ ಬದಲಿಗೆ.

"ಅಕ್ಕಾ, ಸಾಕು ಬಿಡು. ಆಗಲ್ಲ ಇದು," ಎಂದೆ.

"ಆಗ್ದೆ ಏನ್ಮಾಡುತ್ತೆ, ಸುಮ್ನಿರೋ. ಹೋದ್ಸಲ ಕುಲಪತಿಗಳೇ ತಲೆ ಆಡ್ಸಿದ್ರು."

"ನೊಣ ಕೂತಿರ್ಬೇಕು."

ಅವಳು ನಕ್ಕಳು. ನಕ್ಕು, ಹಾಸಿಗೆಯ ಮೇಲೆ ತಾನೇ ಕೂತು ಸೀರೆಗೆ ಭಾರ ಹಾಕಿದಳು. "ಬಯ್ಕೋ, ಬಯ್ಕೋ. ಆರ್ಡರ್ ಬರ್ಲಿ, ಮೊದಲ್ನೇ ಕೆಲ್ಸ ನಿನ್ ಟೆಂತ್ ಕಟ್ಸೋದು. ದಿನಗೂಲಿ ಬಿಟ್ಟು ಮನೇಲಿ ಕೂತು ಓದು ನೀನು. ಪುಸ್ತಕ ಎಲ್ಲ ಎತ್ತಿಟ್ಟಿದೀನಿ. ನಿಂಗೆ ನನಗಿಂತ ಲೆಕ್ಕ ಬರ್ತಿತ್ತು ಕಣೋ ಗಾದ್ರಿ. ಅಪ್ಪ ಇದ್ದಿದ್ರೆ ಆ ಬೆಂಚಲ್ಲಿ ಕೂರ್ತಿದ್ದೋನು ನೀನು."

ಹೇಳುತ್ತಿದ್ದ ಹಾಗೆಯೇ ಸಗಣಿ ಸಾರಿಸಿದ ನೆಲ ಅವಳ ಪಾದದ ಸುತ್ತ ಕಪ್ಪಗಾಯಿತು. ನೀರು ಹಾಸಿಗೆಯ ಅಂಚಿಗೆ ಹರಿಯಿತು, ಅವಳು ಹಾಸಿಗೆ ಎತ್ತಿಕೊಂಡಳು. ಅಷ್ಟು ವರ್ಷ ಅವಳು ಕೆಲಸಕ್ಕೆ ಕಾಯುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅಲ್ಲ. ಲೇಡೀಸ್ ಹಾಸ್ಟೆಲಿನ ಹುಡುಗಿಯರು ಸ್ನಾನ ಮಾಡುತ್ತಿದ್ದದ್ದು ನನ್ನ ಟೆಂತಿನ ನೀರಿನಲ್ಲಿ.

ಎಲ್ಲಿ ಹೊಡೆಯಬೇಕು ಎಂದು ಗೊತ್ತಾಯಿತು.

"ಯಾವನು ಓದ್ತೀನಿ ಅಂದಿದ್ದು ನಿಂಗೆ?" ಎಂದೆ. "ಪುಸ್ತಕ ಈಚೆ ತಂದ್ರೆ ಒಲೆಗೆ ಹಾಕ್ತೀನಿ."

"ಯಾಕೋ, ಏನಾಯ್ತು?"

"ತಮ್ಮ ನಂಗೋಸ್ಕರ ಸ್ಕೂಲ್ ಬಿಟ್ಟ, ತಮ್ಮ ನಂಗೋಸ್ಕರ ಸ್ಕೂಲ್ ಬಿಟ್ಟ ಅಂತ ಊರಿಗೆಲ್ಲ ಹೇಳ್ಕೊಂಡ್ ತಿರುಗ್ತೀಯ. ನಾನ್ಯಾಕೆ ಬಿಡ್ಲಿ? ಬಿಡ್ಸಿದ್ದು. ಅವತ್ತು ಬೇಡ ಅಂತ ಒಂದ್ ಮಾತು ಅಂದ್ಯಾ ನೀನು? ನಾನು ಪಂಪ್‌ಹೌಸಿಂದ ಬರೋದ್ರೊಳಗೆ ನನ್ ಬ್ಯಾಗಲ್ಲಿ ನಿನ್ ಪುಸ್ತಕ ಇತ್ತು. ನನ್ ಹೆಸರು ಬರ್ದಿದ್ದ ಬ್ಯಾಗು. ಅದ್ನ ಹಾಕ್ಕೊಂಡು ನನ್ ಮುಂದೇನೇ ಕಾಲೇಜಿಗೆ ಹೋದೆ. ನಾನು ವಾಲ್ವ್ ತಿರುಗಿಸ್ತಾ ಇದ್ದೆ, ಟಾಟಾ ಮಾಡ್ದೆ ನಂಗೆ!"

ಮೊದಲ ಎರಡು ಮಾತು ನಾನು ಆ ಕ್ಷಣ ಯೋಚಿಸಿ, ಬೇಕೆಂದೇ ಆಡಿದ್ದು. ಬ್ಯಾಗಿನ ಮಾತು ಯೋಚಿಸಿದ್ದಲ್ಲ. ಅದು ಎಲ್ಲಿ ಕೂತಿತ್ತೋ ಏನೋ, ಬಂತು. ಬಂದ ಮೇಲೆ ನಿಲ್ಲಲಿಲ್ಲ. ಅವಳ ಸಂಬಳದ ಒಂದು ಅಗುಳೂ ನನ್ನ ಬಾಯಿಗೆ ಬೇಡ ಎಂದೆ. ನಾನು ನೀರುಗಂಟಿಯಾಗಿಯೇ ಸಾಯುತ್ತೇನೆ, ಅದನ್ನು ನೋಡುತ್ತ ಇರು ಎಂದೆ. ಅವಳು ಹಾಸಿಗೆಯ ಸುರುಳಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ನಾನು ಸುಮ್ಮನಾಗುವ ಹೊತ್ತಿಗೆ ನೆಲ ತಿರುಗಿ ಬೆಳ್ಳಗಾಗಿತ್ತು.

ಸಂದರ್ಶನಕ್ಕೆ ಅವಳು ಹೋದಳು, ತಪ್ಪಿಸಿದರೆ ಇರುವ ಪಾಠವೂ ಹೋಗುತ್ತದೆ ಎಂದು. ಸೀರೆ ಯಾವುದೋ ಉಟ್ಟಿದ್ದಳು. ಬೆಂಚಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಳು, ಹೆಸರು ಕೂಗಿದಾಗ ಕತ್ತೂ ಎತ್ತಲಿಲ್ಲ, ಪಕ್ಕದವರು ಭುಜ ತಟ್ಟಿದ ಮೇಲೆ ಎದ್ದಳು. ಗುಂಡಿಯಲ್ಲಿ ಹೊಂಗೆಯ ಎಲೆ ಉದುರಿ, ಗರಿಗರಿಯಾಗಿ ಬಿದ್ದಿತ್ತು. ಪರಮಶಿವಯ್ಯನವರು ಪಂಪ್‌ಹೌಸಿನ ತನಕ ಬಂದರು.

"ಏನೋ ಗಾದ್ರಿ, ನಿಮ್ಮಕ್ಕನ ಬೆಂಚು ಒಣಗಿದೆಯಲ್ಲೋ?"

"ಒಣಗಿದೆ ಸಾರ್."

"ಒಳ್ಳೇ ಬೆಂಚಾಗಿತ್ತು," ಎಂದು ಲೊಚಗುಟ್ಟಿದರು. ಮನೆಯ ಹಸು ಬತ್ತಿದಾಗ ಜನ ಹಾಗೆ ಲೊಚಗುಟ್ಟುವುದನ್ನು ನೋಡಿದ್ದೇನೆ.

ಆರ್ಡರ್ ಬಂತು. ಬೆಂಚಿನವರೆಲ್ಲ ಚಪ್ಪಾಳೆ ತಟ್ಟಿದರು, ಜೇನಿನವರು ಒಂದು ಸಣ್ಣ ಬಾಟಲಿ ಜೇನುತುಪ್ಪ ಕೊಟ್ಟರು. ಅಕ್ಕ ಲಕೋಟೆ ಬಿಚ್ಚಿ ಓದಿ, ಮಡಿಸಿ, ತಿದ್ದುತ್ತಿದ್ದ ಪತ್ರಿಕೆಗಳ ನಡುವೆ ಇಟ್ಟುಕೊಂಡು ತಿದ್ದುವುದನ್ನು ಮುಂದುವರಿಸಿದಳು. ಅವಳಿಗೆ ಕೊಟ್ಟ ಕೋಣೆಯ ಬೋರ್ಡಿನಲ್ಲಿ ರಹಮತುಲ್ಲಾ ಮೇಷ್ಟ್ರ ಹೆಸರಿನ ಮೇಲೆಯೇ ಬಣ್ಣ ಬಳಿದು ಅವಳ ಹೆಸರು ಬರೆಸಿದ್ದರು. ಬಿಸಿಲು ಬಿದ್ದರೆ ಎರಡೂ ಕಾಣುತ್ತಿದ್ದವು. ಪಾಠ, ಪರೀಕ್ಷೆ, ಹಾಸ್ಟೆಲಿನ ಜಗಳ, ಲೈಬ್ರರಿಯ ಬೀಗದ ಕೈ, ಎಲ್ಲ ಅವಳ ತಲೆಗೆ ಕಟ್ಟಿದರು, ಪ್ರೊಬೇಷನ್ನಿನವಳು ಬೇಡ ಎನ್ನುವುದಿಲ್ಲ ಎಂದು. ಅವಳು ಬೇಡ ಎನ್ನಲಿಲ್ಲ. ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ನನ್ನ ಕೂಲಿಯಲ್ಲಿ ನಾನು ಬೇಯಿಸಿಕೊಂಡು ಉಣ್ಣುತ್ತಿದ್ದೆ. ಉಪ್ಪು ಬೇಕಾದರೆ ಅಂಗಡಿಗೆ ಹೋಗುತ್ತಿದ್ದೆ, ಅವಳನ್ನು ಕೇಳುತ್ತಿರಲಿಲ್ಲ. ಅವಳು ನೆಲ ನೋಡಿಕೊಂಡು ಓಡಾಡುತ್ತಿದ್ದಳು. ಆ ನೆಲದಲ್ಲಿ ಪಸೆ ಇರಲಿಲ್ಲ. ಪರಮಶಿವಯ್ಯನವರ ಹೆಬ್ಬೆರಳಿನ ಪರೀಕ್ಷೆಯಲ್ಲಿ ಅವಳ ಕೋಣೆ ದಿನವೂ ಪಾಸಾಗುತ್ತಿತ್ತು.

ಹೀಗೇ ವರ್ಷ ಕಳೆದುಬಿಡುತ್ತಿತ್ತು. ಅಷ್ಟರಲ್ಲಿ ರಹಮತುಲ್ಲಾ ಮೇಷ್ಟ್ರು ಕಡಲೆಕಾಯಿ ತಿನ್ನುತ್ತ ಬಾಯಿ ಬಿಟ್ಟರು. ಬೆಂಚು ಕಂಡು, ಕುರ್ಚಿ ಕಂಡು, ತಿರುಗಿ ಬೆಂಚು ಕಂಡವರಿಗೆ ವಿಷಯ ತಿಳಿಯುವುದು ಕಷ್ಟವಲ್ಲ. ಸದ್ಯೋಜಾತಯ್ಯನವರು ಅವರ ಪಕ್ಕವೇ ಕೂರುತ್ತಾರೆ, ನಾನು ಕಿವಿಯಲ್ಲಿ ಹೇಳಿದ್ದನ್ನು ಅವರು ಇವರಿಗೆ ಹೇಳಿದ್ದರು. ಮೇಷ್ಟ್ರು ಆ ಕಡೆ ಹೋಗುತ್ತಿದ್ದ ಅಕ್ಕನನ್ನು ಕರೆದು, "ಒಣಗಿರೋರಿಗೇ ಕೊಡೋದು ತಾಯಿ ಇಲ್ಲಿ. ನಿನ್ ತಮ್ಮಂಗೆ ಮುಂಚೇನೇ ಗೊತ್ತು. ಭಾರಿ ಬುದ್ಧಿವಂತ ಬಿಡು ಅವ್ನು" ಎಂದು ಹೊಗಳಿ ಕಳಿಸಿದರು.

ಅಕ್ಕ ಪಂಪ್‌ಹೌಸಿಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಊಟದ ಹೊತ್ತು ಮುಗಿದಿತ್ತು. ಅಷ್ಟು ತಿಂಗಳಾದ ಮೇಲೆ ನನ್ನ ಮುಖ ನೋಡಿದಳು.

"ಗಾದ್ರಿ, ಅವತ್ತು ಅಂದ್ಯಲ್ಲ. ಅದೆಲ್ಲ ಬೇಕಂತ ಅಂದಿದ್ದಾ? ನಂಗೆ ಕೆಲ್ಸ ಸಿಗ್ಲಿ ಅಂತಾನಾ?"

ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಹೇಳೋ. ಸುಳ್ಳು ತಾನೆ ಅದು? ಹೂಂ ಅನ್ನು ಸಾಕು. ಪುಸ್ತಕ ಹಂಗೇ ಇದಾವೆ ಕಣೋ, ನಾನು ಯಾರಿಗೂ ಕೊಟ್ಟಿಲ್ಲ."

ಪಂಪ್‌ಹೌಸಿನದು ಸಿಮೆಂಟಿನ ನೆಲ. ಅವಳ ಎಡಗಾಲಿನ ಕಿರುಬೆರಳ ಹತ್ತಿರ ಸಿಮೆಂಟು ಮೊದಲು ಬಣ್ಣ ಬದಲಾಯಿಸಿತು, ಆಮೇಲೆ ಹಿಮ್ಮಡಿಯ ಕಡೆ. ಬಾಗಿಲಿನಿಂದ ಆಚೆ, ಪರಮಶಿವಯ್ಯನವರು ಆಫೀಸಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದರು. ಅವಳ ಕೋಣೆ ನೋಡಿ, ಅವಳು ಅಲ್ಲಿಲ್ಲದ್ದು ಕಂಡು, ಎಲ್ಲಿ ಎಂದು ಯಾರನ್ನೋ ಕೇಳಿದರು. ಅವನು ಪಂಪ್‌ಹೌಸಿನ ಕಡೆ ಕೈ ತೋರಿಸಿದ. ಬರಿಗಾಲಿನಲ್ಲಿ ಬಿಸಿಲಿಗೆ ಎಗರುತ್ತ ಬರತೊಡಗಿದರು.

ಹೂಂ ಎನ್ನಬಹುದಿತ್ತು. ಅಂದಿದ್ದರೆ ಅವಳು ಅಲ್ಲೇ ಕುಸಿದು ಕೂತು ಅಳುತ್ತಿದ್ದಳು, ನಗುತ್ತಿದ್ದಳು, ನೀರು ಬಾಗಿಲು ದಾಟಿ ಅವರ ಕಾಲಿಗೇ ಮುಟ್ಟುತ್ತಿತ್ತು. ನಾಳೆ ಬೆಂಚು. ಆಮೇಲೆ ಅವಳು ಮುದುಕಿಯಾಗುವ ತನಕ ಬೆಂಚು. ಇನ್ನೊಂದು, ಹೂಂ ಅಂದಿದ್ದರೆ ಅದೂ ಪೂರ್ತಿ ನಿಜವಾಗುತ್ತಿರಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ?" ಎಂದೆ. "ಅಂದಿದ್ದೆಲ್ಲ ನಿಜ. ಕೆಲ್ಸದ ವಿಷಯ ನಂಗೇನೂ ಗೊತ್ತಿಲ್ಲ. ಮೇಷ್ಟ್ರಿಗೆ ತಲೆ ಕೆಟ್ಟಿದೆ."

ಅವಳು ನನ್ನ ಕಣ್ಣನ್ನೇ ನೋಡಿದಳು. ಗಣಿತದವಳು, ಎಲ್ಲಿ ತಪ್ಪಿದೆ ಎಂದು ಹುಡುಕುವ ಅಭ್ಯಾಸ. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸುವ ಅಗತ್ಯವಿರಲಿಲ್ಲ, ನನ್ನೊಳಗೆ ಆ ಸಿಟ್ಟು ಇನ್ನೂ ಇತ್ತು, ಅದನ್ನು ಎತ್ತಿ ಮುಖಕ್ಕೆ ತಂದುಕೊಂಡರೆ ಸಾಕಿತ್ತು, ತಂದುಕೊಂಡೆ.

"ಸರಿ," ಎಂದಳು.

ಗಂಟೆ ಹೊಡೆಯಿತು. ಪಾಠವಿತ್ತು ಅವಳಿಗೆ. ಸೆರಗು ಸರಿ ಮಾಡಿಕೊಂಡು, ಬಾಗಿಲಲ್ಲಿ ಎದುರಾದ ಪರಮಶಿವಯ್ಯನವರಿಗೆ ನಮಸ್ಕಾರ ಹೇಳಿ, ಕ್ಲಾಸಿನ ಕಡೆ ನಡೆದಳು.

ಅವರು ಒಳಗೆ ಬಂದು, ಅವಳು ನಿಂತಿದ್ದ ಜಾಗ ಯಾವುದು ಎಂದು ಕೇಳಿದರು. ತೋರಿಸಿದೆ. ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದು ಸಲ, ಸ್ವಲ್ಪ ಪಕ್ಕಕ್ಕೆ, ಒತ್ತಿದರು. ಕಾಲೆತ್ತಿ ಬೆರಳಿಗೆ ಅಂಟಿದ ಬಿಳಿ ಧೂಳನ್ನು ನನಗೂ ತೋರಿಸಿ, "ಒಳ್ಳೇ ಆಯ್ಕೆ ಮಾಡಿದೀವಿ ಕಣೋ ಈ ಸಲ" ಎಂದರು.

ಹೌದು ಸಾರ್ ಎಂದೆ.